ಕೊನೆ ಕಾಣದ ನೀರು ಮತ್ತು ಬಾಗ್ದಾದಿನ ರಬ್ಬಿ

ನನ್ನನ್ನು ಕೆಲಸದಿಂದ ತೆಗೆದ ದಿನ ಕಚೇರಿಯವರು ಕೇಕ್ ತರಿಸಿದ್ದರು. ಹದಿನಾಲ್ಕು ವರ್ಷ ಕುವೈತಿನ ಒಂದು ಅನುವಾದ ಕಚೇರಿಯಲ್ಲಿ ಕೂತು ಕರಾರುಪತ್ರ, ತಲಾಖ್ ಪತ್ರ, ಮುಖ್ತಿಯಾರು ಪತ್ರಗಳ ಇಂಗ್ಲಿಷನ್ನು ಟೈಪ್ ಮಾಡಿ ತಿದ್ದಿದವಳು ನಾನು. ನನ್ನ ಜಾಗಕ್ಕೆ ಒಂದು ಸಾಫ್ಟ್‌ವೇರ್ ಬಂದಿತ್ತು. ಅದಕ್ಕೆ ಊಟದ ವಿರಾಮ ಬೇಡ, ಊರಿಗೆ ಹೋಗಲು ರಜೆ ಬೇಡ, ಮಧ್ಯಾಹ್ನ ಡಬ್ಬಿ ತೆರೆದಾಗ ಹುಳಿಯ ಇಂಗಿನ ವಾಸನೆ ಪಕ್ಕದವರಿಗೆ ಹೊಡೆಯುವುದಿಲ್ಲ. ಎಲ್ಲ ರೀತಿಯಿಂದಲೂ ನನಗಿಂತ ಉತ್ತಮ ಹೆಂಗಸು. ನಾನು ಕೇಕ್ ತಿಂದು, ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಅಬು ಹಲೀಫಾದ ನಮ್ಮ ಫ್ಲ್ಯಾಟಿಗೆ ಬಂದು ಮಲಗಿದೆ.

ಮೂರು ತಿಂಗಳ ನಂತರ ಹಳೆಯ ಸಹೋದ್ಯೋಗಿಯೊಬ್ಬಳು ಫೋನ್ ಮಾಡಿದಳು. ಸಲ್ವಾದಲ್ಲಿ ಕಾನೂನು ಕಾಲೇಜಿನ ನಿವೃತ್ತ ಪ್ರೊಫೆಸರ್ ಒಬ್ಬರಿದ್ದಾರೆ, ಕುವೈತಿ, ಎಂಬತ್ತು ದಾಟಿದ್ದಾರೆ, ಕೈಬರಹವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಲು ಜನ ಬೇಕಂತೆ ಎಂದಳು. ಉಯಿಲು ಇರಬೇಕು ಅಂದುಕೊಂಡೆ. ಆ ವಯಸ್ಸಿನಲ್ಲಿ ಮನುಷ್ಯ ಇನ್ನೇನು ಬರೆದಾನು?

ಬರೆದಿದ್ದರು. ಎಂಟು ದಪ್ಪ ನೋಟ್‌ಬುಕ್‌ಗಳ ತುಂಬ, ಇಪ್ಪತ್ತೈದು ವರ್ಷ ಕೂತು, ಬಾಗ್ದಾದಿನ ಒಬ್ಬ ಯಹೂದಿ ರಬ್ಬಿಯ ಜೀವನವನ್ನೂ ಅವನ ನ್ಯಾಯತೀರ್ಪುಗಳನ್ನೂ ಬರೆದಿದ್ದರು.

ಅಂದು ಸಂಜೆ ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ರಾಯ್ ಎಂಬ ಕೈಗಾರಿಕಾ ಬಡಾವಣೆಯಲ್ಲಿ ಏಸಿ ರಿಪೇರಿಯ ವರ್ಕ್‌ಶಾಪೊಂದನ್ನು ನೋಡಿಕೊಳ್ಳುತ್ತಾನೆ. ಪ್ರಪಂಚದ ಎಲ್ಲ ಸಮಸ್ಯೆಗೂ ಫಿಲ್ಟರ್ ತೊಳೆಯದಿರುವುದೇ ಕಾರಣ ಎಂಬುದು ಅವನ ನಂಬಿಕೆ.

"ರಬ್ಬಿ ಅಂದ್ರೆ?"

"ಯಹೂದಿಗಳ ಗುರು ಕಣ್ರೀ. ಅವರಿಗೆ ಜಡ್ಜೂ ಅವನೇ."

"ಅಲ್ವೇ, ಕುವೈತಲ್ಲಿ ಕೂತ್ಕೊಂಡು ಯಹೂದಿ ಗುರು ಕಥೆ ಟೈಪ್ ಮಾಡ್ತೀಯಾ? ನಾಳೆ ಇಕಾಮಾ, ವೀಸಾ ಎಲ್ಲ ಕ್ಯಾನ್ಸಲ್ ಮಾಡಿ ಫ್ಲೈಟ್ ಹತ್ತಿಸಿದ್ರೆ?"

"ಮೈಸೂರಿಗೆ ತಾನೇ ಹತ್ತಿಸೋದು? ಹೋದ್ರಾಯ್ತು ಬಿಡಿ."

ಮಾರನೆಯ ದಿನ ಆ ಪ್ರಶ್ನೆಯನ್ನು ಪ್ರೊಫೆಸರರ ಮುಂದೆಯೇ ಇಟ್ಟೆ. ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ದಿಶ್‌ದಾಶಾ ಎಂಬ ಉದ್ದನೆಯ ಬಿಳಿ ನಿಲುವಂಗಿ, ಜೇಬಿನಲ್ಲಿ ಎರಡು ಪೆನ್ನು, ಎರಡರಲ್ಲೂ ಇಂಕಿಲ್ಲ. ಅವರು ಕನ್ನಡಕದ ಮೇಲಿಂದ ನೋಡಿ, "ಮೇಡಂ, ಸತ್ತ ನ್ಯಾಯಾಧೀಶರಿಗೆ ವೀಸಾ ಬೇಡ. ಯಲ್ಲಾ, ಮೊದಲ ಪುಟ" ಎಂದರು.

ಅವರ ಇಬ್ಬರು ಗಂಡುಮಕ್ಕಳಿಗೆ ಅಪ್ಪನ ಈ ಗೀಳಿನ ಬಗ್ಗೆ ಸ್ಪಷ್ಟ ಅಭಿಪ್ರಾಯವಿತ್ತು: ಬಂದವರ ಮುಂದೆ ಆ ಮಾತೇ ಎತ್ತಬಾರದು. ಅಪ್ಪ ಪುಸ್ತಕ ಬರೆಯುತ್ತಿದ್ದಾರೆ, ಯಾವುದೋ ವ್ಯಾಪಾರದ ಕಾನೂನಂತೆ, ಎಂದು ಹೇಳಿಕೊಂಡಿದ್ದರು. ಉಸ್ತಾದರ ದೀವಾನಿಯಾಕ್ಕೆ, ಎಂದರೆ ಗಂಡಸರು ಕೂತು ಹರಟುವ ಮುಂದಿನ ಹಜಾರಕ್ಕೆ, ವಾರಕ್ಕೊಮ್ಮೆ ನಾಲ್ಕು ಜನ ಮುದುಕರು ಬರುತ್ತಿದ್ದರು. ರಬ್ಬಿಯ ವಿಷಯ ಶುರುವಾದ ಕೂಡಲೇ ನಾಲ್ವರಿಗೂ ಒಟ್ಟಿಗೇ ಮನೆ ನೆನಪಾಗುತ್ತಿತ್ತು.

ಹೀಗಾಗಿ ಉಸ್ತಾದರಿಗೆ ಉಳಿದ ಕೇಳುಗರು ಇಬ್ಬರೇ. ಒಬ್ಬಳು ನಾನು, ಸಂಬಳಕ್ಕೆ ಕೇಳುವವಳು. ಇನ್ನೊಬ್ಬಳು ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದ ಅವರ ಹೆಂಡತಿಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸು. ಉಡುಪಿ ಕಡೆಯ ಕ್ರಿಶ್ಚಿಯನ್, ನಲವತ್ತರ ಆಸುಪಾಸು, ಮನೆಮಾತು ಕೊಂಕಣಿ. ನಾನು ಕನ್ನಡದವಳೆಂದು ಗೊತ್ತಾದ ದಿನ, "ಅಯ್ಯೋ ಅಕ್ಕ, ನೀವು ಮೊದಲೇ ಹೇಳ್ಬಾರ್ದಾ? ನಾನು ಒಂದು ವಾರದಿಂದ ನಿಮ್ಮತ್ರ ಇಂಗ್ಲಿಷ್ ಮಾತಾಡಿ ಮಾತಾಡಿ ತಲೆನೋವು ಬರ್ಸಿಕೊಂಡೆ" ಎಂದಳು. ನನ್ನ ಇಂಗ್ಲಿಷಿನ ಬಗ್ಗೆ ಬಂದ ಅತ್ಯಂತ ಪ್ರಾಮಾಣಿಕ ವಿಮರ್ಶೆ ಅದು.

ರಬ್ಬಿಯ ಕಥೆ ನನಗೆ ತಿಳಿದದ್ದು ಪುಟ ಪುಟವಾಗಿ. ಅವನ ಪೂರ್ವಿಕರು ಸ್ಪೇನ್ ದೇಶದಿಂದ ಓಡಿಸಲ್ಪಟ್ಟ ಯಹೂದಿಗಳು. ಅಂಥವರನ್ನು ಸೆಫಾರ್ಡಿಗಳು ಎನ್ನುತ್ತಾರೆ. ಅಲೆಪ್ಪೊದಲ್ಲಿ ಕೆಲವು ತಲೆಮಾರು ಇದ್ದು ಬಾಗ್ದಾದಿಗೆ ಬಂದ ಕುಟುಂಬ. ಅಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಮಗನೂ ಅದನ್ನೇ ಕಲಿತ, ನ್ಯಾಯಾಧೀಶನಾದ ಮೇಲೂ ಬಿಡಲಿಲ್ಲ. ಬೆಳಿಗ್ಗೆ ರಟ್ಟು, ಮಧ್ಯಾಹ್ನ ತೀರ್ಪು. ತೀರ್ಪಿಗೆ ಸಂಬಳ ತೆಗೆದುಕೊಂಡರೆ ಸಂಬಳ ಕೊಡುವವರಿಗೆ ತೀರ್ಪಿನ ಮೇಲೆ ಆಸೆ ಹುಟ್ಟುತ್ತದೆ ಎನ್ನುತ್ತಿದ್ದನಂತೆ. ಊರಿನ ಸಾಹುಕಾರರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಅವನಿಗೆ ಎಲ್ಲೆಲ್ಲಿಂದಲೋ ಪತ್ರಗಳು ಬರುತ್ತಿದ್ದವು. ಬಸ್ರಾದಿಂದ, ಬುಶೆಹರ್‌ನಿಂದ, ಮುಂಬಯಿಯಿಂದ. ಪ್ರಶ್ನೆಯನ್ನೂ ಅದರ ಕೆಳಗೆ ಉತ್ತರವನ್ನೂ ಬರೆದಿಡುವುದು ರಬ್ಬಿಗಳ ಪದ್ಧತಿ. ಹಾಗೆ ಬರೆದಿಟ್ಟ ಉತ್ತರಗಳೇ ಎರಡು ಸಂಪುಟಗಳಾಗಿವೆ. ಉಸ್ತಾದರು ಓದುವ ದಿನಗಳಲ್ಲಿ ಲಂಡನ್ನಿನ ಹಳೆ ಪುಸ್ತಕದಂಗಡಿಯೊಂದರಲ್ಲಿ ಅವನ್ನು ಕಂಡು, ಕೊಂಡು, ಆಮೇಲೆ ಅದರ ಹೀಬ್ರೂ ಲಿಪಿ ಕಲಿತಿದ್ದರು. ಓದಲು ಬಾರದ ಪುಸ್ತಕ ಯಾಕೆ ಕೊಂಡಿರಿ ಎಂದರೆ, "ಅದರಲ್ಲಿ ಕುವೈತ್ ಅಂತ ಇದೆ ಎಂದು ಅಂಗಡಿಯವನು ಹೇಳಿದ" ಎಂದರು.

ಇತ್ತು. ಒಂದೇ ಒಂದು ಪ್ರಶ್ನೆ. ಹಿಂದಿನ ಕಾಲದಲ್ಲಿ ಕುವೈತಿನಲ್ಲಿ ಬಾಗ್ದಾದ್, ಬಸ್ರಾ ಕಡೆಯ ಕೆಲವು ಯಹೂದಿ ಜವಳಿ ವ್ಯಾಪಾರಿಗಳಿದ್ದರು. ಅವರಲ್ಲೊಬ್ಬ ದೋಣಿಯಿಂದ ಕುವೈತಿನ ಕೊಲ್ಲಿಗೆ ಬಿದ್ದ. ಮೇಲೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಅವನ ಹೆಂಡತಿ ವಿಧವೆಯೋ ಅಲ್ಲವೋ? ಇನ್ನೊಂದು ಮದುವೆಯಾಗಬಹುದೋ ಇಲ್ಲವೋ?

ಯಹೂದಿಗಳ ಕಾನೂನಿನಲ್ಲಿ ನೀರು ಎರಡು ಬಗೆಯದು. ನಾಲ್ಕೂ ಕಡೆ ದಡ ಕಾಣುವ ನೀರಾದರೆ, ಮುಳುಗಿದವನು ಎಲ್ಲೂ ಮೇಲೆ ಬರಲಿಲ್ಲವೆಂದು ನಿಂತು ನೋಡಿದವರಿದ್ದರೆ, ಸತ್ತನೆಂದೇ ಲೆಕ್ಕ. ಕೊನೆ ಕಾಣದ ನೀರಾದರೆ ಹಾಗಲ್ಲ. ಕಣ್ಣಿಗೆ ಕಾಣದ ಯಾವುದೋ ದಡಕ್ಕೆ ಅವನು ಈಜಿಕೊಂಡು ಹೋಗಿರಬಹುದು. ಹೆಂಡತಿ ಕಾಯಬೇಕು. ಎಷ್ಟು ವರ್ಷ? ವರ್ಷದ ಲೆಕ್ಕವೇ ಇಲ್ಲ. ಸಾಯುವವರೆಗೆ. ಅಂದರೆ ಅವಳು ಸಾಯುವವರೆಗೆ.

ಇದನ್ನು ಟೈಪ್ ಮಾಡುವಾಗ ನಾನು, "ಈ ಕಾನೂನು ಬರೆದವರೆಲ್ಲ ಗಂಡಸರು ಅಂತ ಬೇರೆ ಹೇಳಬೇಕಾ?" ಎಂದೆ. ಉಸ್ತಾದರು ಅದನ್ನು ಹೊಗಳಿಕೆಯೆಂದು ತಿಳಿದು ಮುಂದುವರಿದರು.

ರಬ್ಬಿ ಸಮುದ್ರವನ್ನೇ ಕಂಡವನಲ್ಲ. ಹಾಗೆಂದು ಊಹಿಸಿ ಬರೆಯಲೂ ಇಲ್ಲ. ಕುವೈತಿಗೆ ತಿರುಗಿ ಪತ್ರ ಬರೆದು ಕೇಳಿದ: ಅವನು ಬಿದ್ದ ಜಾಗದಲ್ಲಿ ದೋಣಿಯ ಮೇಲೆ ನಿಂತರೆ ಎಷ್ಟು ದಡ ಕಾಣುತ್ತದೆ? ಅಂದು ಧೂಳು ಎದ್ದಿತ್ತೇ? ಇಳಿತದ ವೇಳೆಯೋ ಭರತವೋ? ಅವನಿಗೆ ಈಜು ಬರುತ್ತಿತ್ತೇ? ಉತ್ತರ ಬರಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಬಸ್ರಾದ ಕಾಫಿ ಅಂಗಡಿಯಲ್ಲಿ ಒಬ್ಬ ಮುಸ್ಲಿಂ ದೋಣಿಯವನು, ಯಾರೂ ಕೇಳದೆ, ತನ್ನಷ್ಟಕ್ಕೆ ತಾನು, ಆ ಜವಳಿಯವನು ಕಣ್ಣೆದುರೇ ಹೇಗೆ ಮುಳುಗಿದ ಎಂದು ಹರಟಿದ್ದು ರಬ್ಬಿಯ ಕಿವಿಗೆ ಬಿತ್ತು. ಆ ದೋಣಿಯವನು ಉಸ್ತಾದರ ಮುತ್ತಜ್ಜ.

ಇಲ್ಲೇ ಆ ಕಾನೂನಿನ ಸ್ವಾರಸ್ಯ. ಬೇರೆ ಮೊಕದ್ದಮೆಗಳಿಗೆ ಇಬ್ಬರು ಸಾಕ್ಷಿ ಬೇಕು. ಕಾಣೆಯಾದ ಗಂಡನ ವಿಷಯದಲ್ಲಿ ಒಬ್ಬನೇ ಸಾಕು, ಹೆಂಗಸಾದರೂ ಆದೀತು. ಪರಧರ್ಮದವನ ಮಾತೂ ನಡೆಯುತ್ತದೆ, ಆದರೆ ಒಂದು ಷರತ್ತು: ತಾನು ಸಾಕ್ಷಿ ಹೇಳುತ್ತಿದ್ದೇನೆಂದು ಅವನಿಗೆ ಗೊತ್ತಿರಬಾರದು. ಏನೋ ಮಾತಿಗೆ ಮಾತು ಬಂದು ಹೇಳಿರಬೇಕು. ಕೇಳಿ ಹೇಳಿಸಿದರೆ ಆ ಮಾತಿಗೆ ಬೆಲೆಯಿಲ್ಲ. ಮುತ್ತಜ್ಜನ ಹರಟೆ, ಕೊಲ್ಲಿಯ ಮೂರು ಕಡೆ ದಡ ಕಾಣುತ್ತದೆಂಬ ಪತ್ರ, ಮುಳುಗಿದವನಿಗೆ ಈಜು ಬರುತ್ತಿರಲಿಲ್ಲವೆಂಬ ಅವನಮ್ಮನ ಮಾತು, ಈ ಮೂರನ್ನೂ ಜೋಡಿಸಿ ರಬ್ಬಿ ಬರೆದ: ಇವಳು ವಿಧವೆ. ಇವಳು ಮದುವೆಯಾಗಬಹುದು.

ಉಸ್ತಾದರು ಓದಿ ಮುಗಿಸಿದಾಗ ಚಹಾ ತಂದಿದ್ದ ಆ ಹೆಂಗಸು ಬಾಗಿಲಲ್ಲೇ ನಿಂತಿದ್ದಳು. ಚಹಾ ಆರಿ ಹೋಗಿತ್ತು.

"ಅಕ್ಕ, ಆ ನೀರಿನ ವಿಷಯ ಇನ್ನೊಮ್ಮೆ ಓದ್ಲಿಕ್ಕೆ ಹೇಳ್ತೀರಾ ಅವರಿಗೆ?"

ಅವಳ ಕಥೆ ಹೊರಬಂದದ್ದು ಹೀಗೆ. ಅವಳ ಗಂಡ ಶಾರ್ಜಾದಿಂದ ಇರಾನಿನ ಬಂದರುಗಳಿಗೆ ಸರಕು ಸಾಗಿಸುವ ಒಂದು ಮರದ ಲಾಂಚಿನಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದ. ಎಂಟು ವರ್ಷದ ಹಿಂದೆ ಲಾಂಚ್ ಮುಳುಗಿತು. ಇಬ್ಬರು ಬದುಕಿ ಬಂದರು. ಇವನು ಬರಲಿಲ್ಲ, ಹೆಣವೂ ಬರಲಿಲ್ಲ. ಕಾಗದದಲ್ಲಿ 'ಕಾಣೆಯಾಗಿದ್ದಾನೆ' ಎಂದು ಬರೆದರು. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತಂತೆ ಎಂದು ಊರಿನ ಕೋರ್ಟು ಆದೇಶವನ್ನೂ ಕೊಟ್ಟಿತ್ತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಅವಳು ಇಲ್ಲಿನ ಚರ್ಚಿನ ಪಾದ್ರಿಯ ಹತ್ತಿರ ಹೋಗಿದ್ದಳು, ಏಕೆಂದರೆ ಅವಳನ್ನು ಮದುವೆಯಾಗಲು ಒಬ್ಬ ಕಾಯುತ್ತಿದ್ದ.

"ಫಾದರ್ ಒಳ್ಳೆಯವರೇ ಅಕ್ಕ. ಆದ್ರೆ ಎಂತ ಹೇಳಿದ್ರು ಗೊತ್ತುಂಟಾ? ಕೋರ್ಟಿಗೆ ಸತ್ತಿದ್ದಾನೆ ಮಗಾ, ಚರ್ಚಿಗೆ ಇನ್ನೂ ಸಾಯ್ಲಿಲ್ಲ ಅಂತ. ವರ್ಷ ಎಷ್ಟಾದ್ರೂ ಸಾಕಾಗುದಿಲ್ಲಂತೆ. ಸತ್ತದ್ದಕ್ಕೆ ನಂಬುವ ಹಾಗಿನ ಆಧಾರ ಕೊಟ್ರೆ ಮಾತ್ರ ಊರಿನ ಬಿಷಪ್ಪರು ಬರೆದು ಕೊಡುದಂತೆ."

ಸಾವಿರಾರು ವರ್ಷ ಒಬ್ಬರ ಮುಖ ಒಬ್ಬರು ನೋಡದ ಎರಡು ಧರ್ಮಗಳು ಈ ಒಂದು ವಿಷಯದಲ್ಲಾದರೂ ಒಮ್ಮತಕ್ಕೆ ಬಂದಿವೆಯಲ್ಲ ಎಂದು ನನಗೆ ಬಹಳ ಸಂತೋಷವಾಯಿತು. ಹೆಂಗಸು ಕಾಯಲಿ.

"ಬದುಕಿ ಬಂದವರನ್ನ ಕೇಳಲಿಲ್ವಾ?" ಎಂದೆ.

"ಒಬ್ರು ತೀರಿಕೊಂಡ್ರು. ಇನ್ನೊಬ್ರು ಕಚ್ಛ್ ಕಡೆಯವ್ರು. ಆವಾಗ್ಲೇ ಫೋನಲ್ಲಿ ಕೇಳಿದ್ದೆ. ನಾನೇನೂ ನೋಡ್ಲಿಲ್ಲ, ಕತ್ತಲೆ ಇತ್ತು ಅಂತ ಇಟ್ಟೇ ಬಿಟ್ರು."

ಕಾಯುತ್ತಿದ್ದವನು ಯಾರೆಂದು ತಿಳಿದಾಗ ನಾನು ಬೆಚ್ಚಿದೆ. ನನ್ನ ಗಂಡನ ವರ್ಕ್‌ಶಾಪಿನಲ್ಲೇ ಕೆಲಸ ಮಾಡುವ, ಕಲ್ಯಾಣಪುರದ ಕಡೆಯ, ಹೆಂಡತಿ ಸತ್ತ ಒಬ್ಬ ಮೆಕ್ಯಾನಿಕ್. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಆರು 'ಹೌದು'. ಅವನು ಇವಳಿಗೂ ಹೇಳದೆ ಎರಡು ವರ್ಷದಿಂದ ಸಿಕ್ಕಸಿಕ್ಕ ಕಚ್ಛೀ ನಾವಿಕರನ್ನೆಲ್ಲ ವಿಚಾರಿಸುತ್ತಿದ್ದನಂತೆ. ಒಂದು ದಿನ ಬಂದು ನನ್ನ ಗಂಡನ ಮುಂದೆ ನಿಂತ. "ಸರ್, ಆ ಮನುಷ್ಯ ಸಿಕ್ಕಿದ್ದಾರೆ. ನಮ್ಮ ಹಿಂದಿನ ಗಲ್ಲಿಯಲ್ಲೇ ಇದ್ದಾರೆ. ಬೋಟ್ ಎಂಜಿನ್ ಸ್ಪೇರ್ ಪಾರ್ಟ್ಸ್ ಅಂಗಡಿ." ಎರಡು ವರ್ಷ ಕೊಲ್ಲಿಯ ಬಂದರುಗಳನ್ನೆಲ್ಲ ಫೋನಿನಲ್ಲಿ ಸುತ್ತಿ ಕೊನೆಗೆ ರಾಯ್‌ನ ಹಿಂದಿನ ಗಲ್ಲಿಗೆ ಬಂದಿದ್ದ.

ಸುದ್ದಿ ಕೇಳಿ ಉಸ್ತಾದರ ಕಣ್ಣು ಹೊಳೆದದ್ದನ್ನು ನಾನು ಮರೆಯಲಾರೆ. ನಲವತ್ತು ವರ್ಷ ಹುಡುಗರಿಗೆ ಪಾಠ ಹೇಳಿ, ಇಪ್ಪತ್ತೈದು ವರ್ಷ ಸತ್ತ ರಬ್ಬಿಯೊಂದಿಗೆ ಮಾತಾಡಿ, ಈಗ ಜೀವಂತ ಮೊಕದ್ದಮೆಯೊಂದು ತಟ್ಟೆಯಲ್ಲಿ ಬಂದಿತ್ತು.

"ಅವನನ್ನು ಯಾರೂ ಏನೂ ಕೇಳಕೂಡದು. ಕೇಳಿದರೆ ಹೆದರುತ್ತಾನೆ. ಹಿಂದೆ ಕೇಳಿದ್ದಕ್ಕೇ ಹೆದರಿದ್ದು. ಅವನೇ ಹೇಳಬೇಕು."

"ಎಂಟು ವರ್ಷದಿಂದ ಹೇಳದವರು ಈಗ ಯಾಕೆ ಹೇಳ್ತಾರೆ ಉಸ್ತಾದ್?"

"ಎಂಜಿನ್ ಕೊಳ್ಳಲು ಬಂದ ಗಿರಾಕಿಯ ಹತ್ತಿರ ಅಂಗಡಿಯವನು ಏನು ಬೇಕಾದರೂ ಹೇಳುತ್ತಾನೆ."

ಹೀಗೆ, ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ದೋಣಿಯೇ ಇಲ್ಲದ ನಿವೃತ್ತ ಕಾನೂನು ಪ್ರೊಫೆಸರ್ ಒಬ್ಬರು ದೋಣಿಯ ಎಂಜಿನ್ ಕೊಳ್ಳಲು ರಾಯ್‌ಗೆ ಹೊರಟರು. ನಾನು ಅವರ ಸೆಕ್ರೆಟರಿ. ಆ ಹೆಂಗಸು ಅವರ ಸಕ್ಕರೆ ಕಾಯಿಲೆಯ ಔಷಧಿ ಚೀಲ ಹಿಡಿದ ಆಯಾ. ಅಂಗಡಿಯವರು ಅವಳ ಮುಖವನ್ನು ಎಂದೂ ನೋಡಿರಲಿಲ್ಲ. ಮೆಕ್ಯಾನಿಕ್ ಎದುರಿನ ಚಹಾದಂಗಡಿಯಲ್ಲಿ ನಿಂತಿರಬೇಕೆಂದು ತೀರ್ಮಾನವಾಯಿತು. ಅವನು 'ಹೌದು' ಎಂದ.

ಅಂಗಡಿಯವರಿಗೆ ಅರವತ್ತು ದಾಟಿರಬಹುದು. ಗಡ್ಡಕ್ಕೆ ಮದರಂಗಿ, ತಲೆಗೆ ನೂಲಿನ ಟೋಪಿ. ಉಸ್ತಾದರ ದಿಶ್‌ದಾಶಾದ ಇಸ್ತ್ರಿ ನೋಡಿಯೇ ಕುರ್ಚಿ ಒರೆಸಿದರು, ಚಹಾಕ್ಕೆ ಕೂಗಿದರು. ಮಾತೆಲ್ಲ ಹಿಂದಿ, ಅರಬಿ ಬೆರೆಸಿ.

"ಎಷ್ಟುದ್ದದ ಬೋಟ್, ಬಾಬಾ?"

ಉಸ್ತಾದರು ನನ್ನ ಕಡೆ ತಿರುಗಿದರು. ಸೆಕ್ರೆಟರಿಗೆ ಎಲ್ಲ ಗೊತ್ತಿರಬೇಕಲ್ಲ. ನನಗೆ ಗೊತ್ತಿದ್ದ ಏಕೈಕ ಅಳತೆ ಮೈಸೂರಿನ ಸೈಟಿನದು.

"ಮೂವತ್ತು, ನಲವತ್ತು" ಎಂದೆ.

"ಮೂವತ್ತೋ ನಲವತ್ತೋ?"

"ಮೂವತ್ತು ಅಗಲ, ನಲವತ್ತು ಉದ್ದ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಅಂಥ ದೋಣಿ ನೀರಿನ ಮೇಲೆ ನಿಂತೀತೇ ಎಂದು ಯೋಚಿಸುತ್ತಿದ್ದರೆಂದು ಕಾಣುತ್ತದೆ. ಆದರೆ ಗಿರಾಕಿ ಗಿರಾಕಿಯೇ. ಎಂಜಿನ್ನುಗಳನ್ನು ಒಂದೊಂದಾಗಿ ತೋರಿಸಿದರು. ಒಂದು ಗಂಟೆ ಕಳೆಯಿತು. ಅವರು ಎಣ್ಣೆಯ ಬಗ್ಗೆ ಹೇಳಿದರು, ಕ್ರಿಕೆಟ್ ಬಗ್ಗೆ ಹೇಳಿದರು, ಮಗಳ ಮದುವೆಯ ಬಗ್ಗೆ, ಮೊಣಕಾಲು ನೋವಿನ ಬಗ್ಗೆ ಹೇಳಿದರು. ಸಮುದ್ರದ ಬಗ್ಗೆ ಮಾತ್ರ ಒಂದಕ್ಷರ ಇಲ್ಲ. ಉಸ್ತಾದರು ಕುರ್ಚಿಯ ತುದಿಗೆ ಬಂದಿದ್ದರು. ಕೇಳಬಾರದ ಪ್ರಶ್ನೆ ಅವರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತ್ತು.

ಕೊನೆಗೆ ತಡೆಯಲಾರದೆ, ಮೂಲೆಯಲ್ಲಿದ್ದ ಹಳೆಯ ಎಂಜಿನ್ ಒಂದನ್ನು ಕೋಲಿನಿಂದ ತೋರಿಸಿ, "ಇದು ಗಟ್ಟಿ ಅಲ್ಲವೇ?" ಎಂದರು.

"ಅದಾ? ಬೇಡ ಬಾಬಾ." ಅಂಗಡಿಯವರು ಚಹಾದ ಲೋಟ ಕೆಳಗಿಟ್ಟರು. "ನಮ್ಮ ಲಾಂಚಿನಲ್ಲಿ ಇದೇ ಜಾತಿಯದು ಇತ್ತು. ನಡುನೀರಿನಲ್ಲಿ ನಿಂತು ಹೋಯಿತು. ಗಾಳಿ, ಅಲೆ. ಮೆಕ್ಯಾನಿಕ್ ಕೆಳಗೆ ಇಳಿದ. ಒಳ್ಳೆ ಮನುಷ್ಯ, ಮಂಗಳೂರು ಕಡೆಯವನು, ಅಡುಗೆ ಕೂಡ ಅವನೇ ಮಾಡುತ್ತಿದ್ದ. ಅವನು ಕೆಳಗಿದ್ದಾಗಲೇ ಸರಕು ಜಾರಿ ಎಂಜಿನ್ ಕೋಣೆಯ ಮುಚ್ಚಳದ ಮೇಲೆ ಬಿತ್ತು. ನಾವು ಇಬ್ಬರು ಎಳೆದೆವು, ಅಲುಗಲಿಲ್ಲ. ಅವನು ಒಳಗಿಂದ ಬಡಿದ. ನಾವು ಮೇಲಿಂದ ಬಡಿದೆವು. ಆಮೇಲೆ ಲಾಂಚ್ ಮಗುಚಿತು. ಖಲಾಸ್. ನಾನು ಹಲಗೆ ಹಿಡಿದುಕೊಂಡು ನೋಡುತ್ತಿದ್ದೆ. ಅವನನ್ನು ಒಳಗಿಟ್ಟುಕೊಂಡೇ ಹೋಯಿತು."

ಆ ನೀರಿಗೆ ದಡ ಕಾಣುತ್ತಿತ್ತೋ ಇಲ್ಲವೋ ಎಂಬುದರಿಂದ ಇನ್ನು ಏನೂ ಆಗಬೇಕಾಗಿರಲಿಲ್ಲ. ನಾನು ಹಿಂದೆ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

"ತುಂಬ ಹೊತ್ತು ಬಡಿದ್ರಾ?"

ಅವಳ ಹಿಂದಿ ಅಷ್ಟಕ್ಕಷ್ಟೇ. ಆದರೆ ಆ ಮೂರು ಮಾತು ಸರಿಯಾಗಿಯೇ ಬಂದವು.

ಅಂಗಡಿಯವರು ಮೊದಲ ಸಲ ಅವಳ ಮುಖ ನೋಡಿದರು. "ನೀನು ಯಾರು ಬೇಟಿ?"

"ಅವರ ಹೆಂಡತಿ."

ಅವರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಮತ್ತೆ ಹಾಕಿಕೊಂಡರು. "ಇಲ್ಲ" ಎಂದರು. "ಹೆಚ್ಚು ಹೊತ್ತು ಇಲ್ಲ." ಅದು ನಿಜವೋ ಸುಳ್ಳೋ ನಮ್ಮಲ್ಲಿ ಯಾರೂ ಕೇಳಲಿಲ್ಲ, ಕಾನೂನು ಪ್ರೊಫೆಸರರೂ ಕೇಳಲಿಲ್ಲ. ಆಮೇಲೆ ಅವರು ನಮ್ಮನ್ನೆಲ್ಲ ಹೊರಗೆ ಕಳಿಸಿ ಶಟರ್ ಎಳೆದುಕೊಂಡರು.

ಕಾರಿನಲ್ಲಿ ಅವಳು ಅಳಲಿಲ್ಲ. ಔಷಧಿ ಚೀಲ ಎದೆಗೊತ್ತಿಕೊಂಡು ಕೂತಿದ್ದಳು. ಮಾತಾಡಿದವರು ಉಸ್ತಾದರು.

"ನಾನು ತಪ್ಪು ಮಾಡಿದೆ. ಎಂಜಿನ್ ತೋರಿಸಬಾರದಿತ್ತು. ಅದು ಪ್ರಶ್ನೆ ಕೇಳಿದಂತೆಯೇ. ರಬ್ಬಿ ಈ ಸಾಕ್ಷಿಯನ್ನು ಒಪ್ಪುತ್ತಿದ್ದನೋ ಇಲ್ಲವೋ."

ನನಗೆ ರೇಗಿತು. "ಉಸ್ತಾದ್, ಸತ್ತವನ ಹೆಂಡತಿ ಪಕ್ಕದಲ್ಲಿ ಕೂತಿದ್ದಾಳೆ. ರಬ್ಬಿ ಸತ್ತು ಎಷ್ಟು ಕಾಲವಾಯಿತು?"

ಒಂದು ವಾರ ಅವರಿಗೆ ಅದೇ ಚಿಂತೆ. ಎರಡೂ ಸಂಪುಟ ತಿರುವಿದರು. ಊಟ ಬಿಟ್ಟರು. ಮೊದಮೊದಲು ಇದು ಮುದುಕರ ಹಟವೆಂದು ಹಾಸ್ಯ ಮಾಡಿದೆ. ಆಮೇಲೆ ಅರ್ಥವಾಯಿತು: ತಮ್ಮ ಆತುರದಿಂದ ಅವಳ ಒಂದೇ ಒಂದು ಸಾಕ್ಷಿ ಕೆಟ್ಟಿತೇನೋ ಎಂದು ಆ ಮನುಷ್ಯ ನಿಜವಾಗಿ ಸಂಕಟಪಡುತ್ತಿದ್ದರು. ನನ್ನ ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಅಂಥ ವಕೀಲರನ್ನು ನಾನು ಕಂಡಿರಲಿಲ್ಲ.

ಪಾದ್ರಿಗೆ ತಾನಾಗಿ ಬಂದ ಮಾತು, ಕೇಳಿ ಹೇಳಿಸಿದ ಮಾತು ಎಂಬ ಭೇದವೆಲ್ಲ ಬೇಕಿರಲಿಲ್ಲ. ಅವರಿಗೆ ಬೇಕಾದದ್ದು ಸಹಿ. ಅಂಗಡಿಯವರು ಸಹಿ ಹಾಕುವರೇ? ಮೆಕ್ಯಾನಿಕ್ ಪ್ರತಿದಿನ ಊಟದ ವಿರಾಮದಲ್ಲಿ ಆ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಿದ್ದನಂತೆ. ಒಳಗೆ ಹೋಗುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಮೂರನೆಯ ವಾರ ಅಂಗಡಿಯವರೇ ಹೊರಗೆ ಬಂದು, "ಒಳಗೆ ಬಾ ಭಾಯಿ, ಬಿಸಿಲು" ಎಂದರು. ಮುಚ್ಚಳದ ವಿಷಯ ಬಾಯಿ ಬಿಟ್ಟರೆ ಇನ್ನು ಯಾವ ಲಾಂಚಿಗೂ ಹತ್ತಿಸುವುದಿಲ್ಲ ಎಂದು ಅಂದು ಲಾಂಚಿನ ಮಾಲೀಕನ ಕಡೆಯವರು ಹೆದರಿಸಿದ್ದರಂತೆ. "ಈಗ ನಾನು ಯಾವ ಲಾಂಚ್ ಹತ್ತಬೇಕಾಗಿದೆ?" ಎಂದು ಅವರೇ ಚರ್ಚಿಗೆ ಬಂದು, ನಮಾಜಿನ ಟೋಪಿ ಹಾಕಿಕೊಂಡೇ ಪಾದ್ರಿಯ ಮುಂದೆ ಕೂತು, ಇಡೀ ಕಥೆ ಹೇಳಿ ಸಹಿ ಹಾಕಿದರು. ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದವಳು ನಾನು. ಆ ಕೆಲಸಕ್ಕೆ ಸಾಫ್ಟ್‌ವೇರನ್ನು ಯಾರೂ ಕರೆಯಲಿಲ್ಲ.

ಕಾಗದಗಳು ಊರಿಗೆ ಹೋದವು. ಧರ್ಮಪ್ರಾಂತ್ಯದ ಕಚೇರಿ ತನ್ನ ಎಂದಿನ ವೇಗದಲ್ಲಿ, ಎಂದರೆ ಬೆಳೆಯುವ ಮರದ ವೇಗದಲ್ಲಿ, ಪರಿಶೀಲನೆ ನಡೆಸಿತು. ಈ ಮಧ್ಯೆ ನಾನು ಆರನೆಯ ನೋಟ್‌ಬುಕ್‌ಗೆ ಬಂದಿದ್ದೆ. ಅದರಲ್ಲಿದ್ದ ಒಂದು ಪ್ರಕರಣವನ್ನು ಟೈಪ್ ಮಾಡುವ ಮೊದಲು ಎರಡು ಸಲ ಓದಿದೆ.

ರಬ್ಬಿ ಒಮ್ಮೆ ತಪ್ಪಿದ್ದ. ಇಂಥದೇ ಇನ್ನೊಬ್ಬಳಿಗೆ, ಇದೇ ರೀತಿ ಚೂರುಚೂರು ಸಾಕ್ಷಿ ಜೋಡಿಸಿ, ನೀನು ವಿಧವೆ ಎಂದು ಬರೆದುಕೊಟ್ಟಿದ್ದ. ಅವಳು ಮದುವೆಯಾದಳು. ಮೂರು ವರ್ಷದ ನಂತರ ಮೊದಲ ಗಂಡ ಮುಂಬಯಿಯಿಂದ ಬಂದು ಬಾಗಿಲು ತಟ್ಟಿದ. ಅವರ ಕಾನೂನಿನ ಪ್ರಕಾರ ಅವಳು ಇಬ್ಬರನ್ನೂ ಬಿಡಬೇಕಾಯಿತು. ಸಾಹುಕಾರರಿಗೆ ಹಬ್ಬ. ರಬ್ಬಿ ಏನು ಮಾಡಿದ? ತಾನೇ ಕೂತು, ತಾನು ಎಲ್ಲಿ ತಪ್ಪಿದೆನೆಂದು ವಿವರವಾಗಿ ಬರೆದು, ತನ್ನನ್ನು ಪ್ರಶ್ನೆ ಕೇಳಿದ್ದ ಊರುಗಳಿಗೆಲ್ಲ ಕಳಿಸಿದ. ಆ ಹೆಂಗಸಿಗೆ ತನ್ನ ಮನೆಯ ಪಕ್ಕದಲ್ಲೇ ಒಂದು ಕೋಣೆ ಕೊಟ್ಟು ಕೊನೆಯವರೆಗೂ ನೋಡಿಕೊಂಡ. ಮುಂದಿನ ಪುಟದಲ್ಲಿ ಇನ್ನೊಬ್ಬ ಹೆಂಗಸಿನ ಪ್ರಶ್ನೆ ಬಂದಿದೆ. ಅವಳಿಗೂ ಉತ್ತರ ಬರೆದಿದ್ದಾನೆ. ಇವಳು ಮದುವೆಯಾಗಬಹುದು ಎಂದೇ.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಉಸ್ತಾದರನ್ನು ಕೇಳಿದೆ.

"ಇದು ಆರನೆಯ ಅಧ್ಯಾಯ. ನಾವು ಆಗ ಮೂರನೆಯದರಲ್ಲಿದ್ದೆವು."

ಪುಟ ತಿರುವುತ್ತ, "ತಪ್ಪಾದೀತೆಂದು ಹೆದರಿ ಸುಮ್ಮನಿದ್ದ ನ್ಯಾಯಾಧೀಶರು ಬೇಕಾದಷ್ಟು ಜನ ಇದ್ದರು ಮೇಡಂ. ಅವರ ಬಗ್ಗೆ ಪುಸ್ತಕ ಬರೆಯಲು ನನಗೆ ಮನಸ್ಸಾಗಲಿಲ್ಲ" ಎಂದರು. ನಾನು ಕುಹಕವಾಡದೆ ಟೈಪ್ ಮಾಡಿದೆ.

ಬಿಷಪ್ಪರ ಕಾಗದ ಬಂದದ್ದು ಏಳು ತಿಂಗಳ ಮೇಲೆ. ಗಂಡ ತೀರಿಕೊಂಡಿದ್ದಾನೆಂದು ನಂಬಲು ಸಾಕಷ್ಟು ಆಧಾರವಿದೆ ಎಂಬ ಒಂದು ಪುಟ. ಮೆಕ್ಯಾನಿಕ್ ಎರಡು ಕಿಲೋ ಲಾಡು ತಂದು ನನ್ನ ಗಂಡನ ಮೇಜಿನ ಮೇಲಿಟ್ಟ. ನಾವೆಲ್ಲ ಅವಳು ಕುಣಿಯುತ್ತಾಳೆ ಎಂದುಕೊಂಡಿದ್ದೆವು. ಅವಳು ಉಸ್ತಾದರ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಬಾಗಿಲು ತಟ್ಟಿ ಒಳಗೆ ಹೋದೆ.

"ಅಕ್ಕ, ಎಂಟು ವರ್ಷ ನಾನು ಎಂತಾಗಿದ್ದೆ? ವಿಧವೆ ಅಲ್ಲ, ಹೆಂಡ್ತಿಯೂ ಅಲ್ಲ. ಒಂದು ಕರಿ ಬಟ್ಟೆ ಹಾಕ್ಲಿಲ್ಲ. ಅಳುವಾಗ ಕೂಡ ಅಪಶಕುನ ಅಂತ ಅತ್ತೆ ಬೈತಿದ್ರು. ಈಗ ಇವತ್ತಿಂದ ಅಳ್ಬೇಕಾ? ಎಷ್ಟು ದಿನ ಅಳ್ಬೇಕು? ಆ ಗುರುಗಳು ಅದಕ್ಕೆ ಎಂತಾದ್ರೂ ಬರ್ದಿದ್ದಾರಾ ಅಂತ ಕೇಳಿ."

ಕೇಳಿದೆ. ಬರೆದಿದ್ದಾರೆ ಎಂದರು ಉಸ್ತಾದರು. ಸಾವಿನ ಸುದ್ದಿ ಒಂದು ತಿಂಗಳು ಕಳೆದ ಮೇಲೆ ಬಂದರೆ ಪೂರಾ ಸೂತಕವಿಲ್ಲ. ಒಂದು ಗಂಟೆ ಸಾಕು. ಚಪ್ಪಲಿ ತೆಗೆದು ನೆಲದ ಮೇಲೆ ಕೂರಬೇಕು.

"ಒಂದೇ ಗಂಟೆಯಾ?" ಅವಳಿಗೆ ನಗು ಬಂತು, ಅಳುವೂ ಬಂತು. "ಎಂಟು ವರ್ಷಕ್ಕೆ ಒಂದು ಗಂಟೆ. ಗಂಡಸರ ಲೆಕ್ಕ ನೋಡಿ ಅಕ್ಕ."

ಆದರೂ ಚಪ್ಪಲಿ ತೆಗೆದು ಅಡುಗೆಮನೆಯ ನೆಲದ ಮೇಲೆ ಕೂತಳು. ಅವಳದಲ್ಲದ ಧರ್ಮದ, ನನ್ನದೂ ಅಲ್ಲದ ಧರ್ಮದ ಆ ಒಂದು ಗಂಟೆ ನಾನೂ ಪಕ್ಕದಲ್ಲಿ ಕೂತೆ. ಅವಳು ಅವನ ಬಗ್ಗೆ ಹೇಳಿದಳು. ಮೀನು ಸಾರಿಗೆ ಹುಳಿ ಜಾಸ್ತಿ ಹಾಕುತ್ತಿದ್ದ, ಫೋನಿನಲ್ಲಿ ಮಾತಾಡಲು ನಾಚುತ್ತಿದ್ದ, ಕೊನೆಯ ಸಲ ಊರಿಂದ ಹೊರಡುವಾಗ ಕೊಡೆ ಮರೆತಿದ್ದ. ಮಧ್ಯೆ ಒಳಗಿನಿಂದ ಉಸ್ತಾದರ ಹೆಂಡತಿ, ಅವಳು ಮಾಮಾ ಎನ್ನುತ್ತಿದ್ದವರು, ಕರೆದರು. ಉಸ್ತಾದರು ಕೋಲೂರಿಕೊಂಡು ತಾವೇ ಹೋಗಿ ನೀರು ಕುಡಿಸಿ ಬಂದದ್ದು ಕೇಳಿಸಿತು. ನಲವತ್ತೆಂಟು ವರ್ಷದ ದಾಂಪತ್ಯದಲ್ಲಿ ಅದು ಮೊದಲ ಸಲವಿರಬೇಕು, ಏಕೆಂದರೆ ಲೋಟ ಎಲ್ಲಿದೆ ಎಂದು ಎರಡು ಸಲ ಕೂಗಿ ಕೇಳಿದರು.

ಗಂಟೆ ಮುಗಿದ ಮೇಲೆ ಅವಳು ಮುಖ ತೊಳೆದು ಮಾಮಾರ ಮಾತ್ರೆ ತೆಗೆದುಕೊಂಡು ಒಳಗೆ ಹೋದಳು.

ಮದುವೆ ತಕ್ಷಣ ಆಗಲಿಲ್ಲ. ಆರು ತಿಂಗಳು ಇರಲಿ ಎಂದಳು ಅವಳು. ಮೆಕ್ಯಾನಿಕ್ 'ಹೌದು' ಎಂದ. ಊರಿನ ಚರ್ಚಿನಲ್ಲಿ ಮದುವೆಯಾಗಿ ಬಂದು ಈಗ ಅಬು ಹಲೀಫಾದಲ್ಲಿ ನಮ್ಮ ಬಿಲ್ಡಿಂಗಿನಿಂದ ಎರಡು ಬಿಲ್ಡಿಂಗ್ ಆಚೆ ಇದ್ದಾರೆ. ಅವಳು ಈಗಲೂ ಸಲ್ವಾಕ್ಕೆ ಕೆಲಸಕ್ಕೆ ಹೋಗುತ್ತಾಳೆ, ಸಂಜೆ ಬರುವಾಗ ನನ್ನ ಜೊತೆ ಬಸ್ಸಿನಲ್ಲಿ ಗಂಡನ ಬಗ್ಗೆ ದೂರುತ್ತಾಳೆ: ಮಾತೇ ಆಡುವುದಿಲ್ಲವಂತೆ. ಅದು ಎರಡು ವರ್ಷ ಮೊದಲೇ ಗೊತ್ತಿರಲಿಲ್ಲವೇ ಎಂದು ನಾನು ಕೇಳುತ್ತೇನೆ. ಅಂಗಡಿಯವರು ಮದುವೆಯ ಔತಣಕ್ಕೆ ಬಂದು, ಉಸ್ತಾದರನ್ನು ಕಂಡು, ಮೂವತ್ತು-ನಲವತ್ತರ ಆ ದೋಣಿಗೆ ಕೊನೆಗೆ ಯಾವ ಎಂಜಿನ್ ಹಾಕಿಸಿದಿರಿ ಎಂದು ವಿಚಾರಿಸಿದರು.

ಉಸ್ತಾದರು ಈ ಮೊಕದ್ದಮೆಯನ್ನು ಪುಸ್ತಕಕ್ಕೆ ಒಂದು ಅಡಿಟಿಪ್ಪಣಿಯಾಗಿ ಸೇರಿಸಿದರು. ಮರುದಿನ ಅವಳನ್ನು ಕರೆದು ಓದಿ ಹೇಳಿ, ಇರಲೋ ಬೇಡವೋ ಎಂದು ಕೇಳಿದರು. ಬೇಡ ಎಂದಳು. ಅಳಿಸಿದೆವು. ಈಗ ಏಳನೆಯ ನೋಟ್‌ಬುಕ್ ನಡೆಯುತ್ತಿದೆ. ರಬ್ಬಿಗೆ ವಯಸ್ಸಾಗಿದೆ, ಕಣ್ಣು ಹೋಗಿದೆ. ಮಗಳು ಪತ್ರಗಳನ್ನು ಓದಿ ಹೇಳುತ್ತಾಳೆ, ಅವನು ಹೇಳಿದ್ದನ್ನು ಅವಳು ಬರೆಯುತ್ತಾಳೆ. ಕೊನೆಕೊನೆಯ ಉತ್ತರಗಳು ಅವನವೋ ಅವಳವೋ ಎಂದು ಉಸ್ತಾದರಿಗೂ ನನಗೂ ದಿನವೂ ಜಗಳ. ಅವರು ವಾಕ್ಯರಚನೆ ತೋರಿಸಿ ಅವನವೇ ಎನ್ನುತ್ತಾರೆ. ಬರೆದುಕೊಳ್ಳುವವಳು ಏನೇನು ತಿದ್ದಬಲ್ಲಳೆಂದು ಅವರಿಗೆ ಗೊತ್ತಿಲ್ಲ.